ಕೈಗುಣದ ಅಪವಾದ

ನಾನು ಒಂದು ಡಿಬಗ್ ಪ್ರೋಬ್. ಬೆಂಕಿಪೊಟ್ಟಣದಷ್ಟು ಮೈ. ಒಂದು ಕಡೆಯಿಂದ ಕಂಪ್ಯೂಟರಿಗೂ ಇನ್ನೊಂದು ಕಡೆಯಿಂದ ಚಿಪ್ಪಿಗೂ ತಂತಿ. ಚಿಪ್ಪಿನೊಳಗೆ ಪ್ರೋಗ್ರಾಂ ತುಂಬುವುದು, ಅದರ ತಪ್ಪು ಹುಡುಕುವುದು ನನ್ನ ಕಸುಬು. ಹುಟ್ಟಾ ಅನುಮಾನದ ಪ್ರಾಣಿ ನಾನು. ಯಾವ ಬೋರ್ಡಿಗೆ ಜೋಡಿಸಿದರೂ ಒಂದು ತಂತಿಯಿಂದ ಮೊದಲು ತಡವಿ ನೋಡುತ್ತಿದ್ದೆ: ನೀನು ಎಷ್ಟು ವೋಲ್ಟಿನವನಪ್ಪಾ? ಅದಕ್ಕೆ ತಕ್ಕಂತೆ ದನಿ ತಗ್ಗಿಸಿ ಆಮೇಲೆ ಮಾತು. ಉತ್ತರ ಬರದಿದ್ದರೆ ಬಾಯಿಯೇ ಬಿಡುತ್ತಿರಲಿಲ್ಲ.

ಹುಬ್ಬಳ್ಳಿಯ ಒಂದು ಶೆಡ್ಡಿನಲ್ಲಿ ವಿರೂಪಾಕ್ಷನೆಂಬ ಎಂಜಿನಿಯರನ ಕೈಗೆ ಸಿಕ್ಕೆ. ಅವನ ಬೋರ್‌ವೆಲ್ ಸ್ಟಾರ್ಟರ್ ಬೋರ್ಡುಗಳಲ್ಲಿ ನನ್ನ ಆ ತಂತಿಗೆ ಜಾಗವೇ ಇರಲಿಲ್ಲ. ನಾನು ಕೆಲಸ ಮಾಡಲೊಲ್ಲೆ ಎಂದು ಕೂತೆ.

"ಏನ್ ಹಟಾನೋ ಇದರದು!" ಎಂದು ಬೈದು, ನನ್ನ ಹೊಟ್ಟೆ ಬಿಚ್ಚಿ, ಆ ತಂತಿಯನ್ನು ನನ್ನದೇ ಮೂರು ಚಿಲ್ಲರೆ ವೋಲ್ಟಿಗೆ ಬೆಸುಗೆ ಹಾಕಿ ಮುಚ್ಚಿಬಿಟ್ಟ. ಇನ್ನು ಯಾರನ್ನು ಕೇಳಿದರೂ ನನಗೆ ನನ್ನದೇ ಉತ್ತರ. ಅವನ ಬೋರ್ಡುಗಳೂ ಅಷ್ಟೇ ವೋಲ್ಟಿನವು, ಕೆಲಸ ಸಲೀಸಾಗಿ ನಡೆಯಿತು. ಬೆಸುಗೆ ಹಾಕಿದ್ದನ್ನೂ ಅವನು ಮರೆತ.

ಆಮೇಲೆ ನೀಲಾಂಬಿಕಾ ಬಂದಳು. ಕಿವಿ ಕೇಳದವರಿಗೆ ಪುಟ್ಟ ಮಷಿನ್ ಮಾಡುವ ಕೆಲಸ. ಅದು ನಡೆದರೆ ನೌಕರಿ ಕಾಯಂ, ಇಲ್ಲದಿದ್ದರೆ ಮನೆಯ ದಾರಿ. ಅವಳ ಚಿಪ್ಪು ಎರಡು ವೋಲ್ಟನ್ನೂ ತಡೆಯದ ಹಸುಗೂಸು. ನಾನು ಕೇಳಿದೆ, ನನ್ನದೇ ಉತ್ತರ ಬಂತು, ಗಂಟಲು ಹರಿಯುವಂತೆ ಕೂಗಿದೆ. ಚಿಪ್ಪು ಬೆಚ್ಚಗಾಗಿ ಸುಮ್ಮನಾಯಿತು. ಇನ್ನೊಂದು ತಂದಳು, ಅದೂ ಹೋಯಿತು.

ಮಾಲಕ ಯಲಿಗಾರರು ಎಲ್ಲರೆದುರು ಅಂದರು: "ವಿರೂಪಾಕ್ಷ ಮುಟ್ಟಿದ್ದು ಒಂದೂ ಕೆಟ್ಟಿಲ್ಲ, ನೀ ಮುಟ್ಟಿದ್ದು ಒಂದೂ ಉಳದಿಲ್ಲ. ನಿನ್ನ ಕೈಗುಣಾನ ಸರಿ ಇಲ್ಲ ಬಿಡವಾ."

ಅಷ್ಟೇ ಸಾಕಾಯಿತು. ಶೆಡ್ಡಿಗೆ ಬಂದ ಹೊಸ ಯಂತ್ರದ ಪೂಜೆಗೆ ಅವಳನ್ನು ದೂರ ನಿಲ್ಲಿಸಿದರು. ಸ್ವಿಚ್ ಹಾಕಲು ಹೋದರೂ "ನೀ ಬ್ಯಾಡ, ನಾ ಹಾಕ್ತೀನಿ" ಎಂದು ಯಾರಾದರೂ ಓಡಿ ಬರುವರು. ಹುಡುಗಿ ತನ್ನ ಅಂಗೈಯನ್ನೇ ದಿಟ್ಟಿಸುತ್ತ ಕೂರತೊಡಗಿದಳು. ಅನುಮಾನ ಪಡಬೇಕಾದವನು ನಾನು, ನನ್ನಿಂದ ಅದನ್ನು ಕಿತ್ತು ಇವಳ ತಲೆಗೆ ಕಟ್ಟಿದ್ದರು.

ಕೊನೆಯ ಬೋರ್ಡು ಉಳಿಯಿತು. ನೀಲಾಂಬಿಕಾ ಅದನ್ನು ಯಲಿಗಾರರ ಮುಂದಿಟ್ಟಳು.

"ಸರ್, ನೀವ ಹಚ್ರಿ. ನಿಮ್ಮ ಕೈಗುಣ ಛಲೋ ಅಂತ ಊರೇ ಅಂತೈತಿ. ನಾ ಮುಟ್ಟಂಗಿಲ್ಲ."

ಅವರು ಹಿಗ್ಗಿದರು. ಊದಿನಕಡ್ಡಿ ಬೆಳಗಿ, ನನ್ನ ಬೆನ್ನಿಗೆ ವಿಭೂತಿ ಎಳೆದು, ಶಿವಾ ಎಂದು ಜೋಡಿಸಿದರು. ಬ್ಯಾಡ್ರೀ ಎಂದು ಹೇಳಲು ನನಗೆ ಬಾಯೆಲ್ಲಿ? ಚಿಪ್ಪು ಅವರ ಬೆರಳ ಕೆಳಗೇ ಕಾದು ಸತ್ತಿತು.

"ಈಗ ಯಾರ ಕೈಗುಣಾರೀ ಸರ್?"

ಕೈ ಬದಲಾದರೂ ಬದಲಾಗದೆ ಉಳಿದದ್ದು ನಾನೊಬ್ಬನೇ. ಅವಳೇ ಸ್ಕ್ರೂಡ್ರೈವರ್ ಹಿಡಿದು ನನ್ನನ್ನು ಬಿಚ್ಚಿದಳು. ಬೆಸುಗೆ ಕಂಡ ವಿರೂಪಾಕ್ಷನ ಮುಖ ಬಿಳಿಚಿತು. "ಅಯ್ಯೋ, ಅದಾ... ನಾನ ಹಾಕಿದ್ದೆ" ಎಂದ. ಯಲಿಗಾರರು ಹಣೆ ಒರೆಸಿಕೊಂಡು "ಹೋಗ್ಲಿ ಬಿಡವಾ, ಹೊಸಾ ಬೋರ್ಡ್ ತರಿಸೂಣು" ಎಂದರು. ತಪ್ಪಾಯಿತು ಎನ್ನಲಿಲ್ಲ.

ಅವಳು ಬೆಸುಗೆ ಬಿಡಿಸಿದಳು. ಹೊಸ ಬೋರ್ಡನ್ನು ನಾನು ಕೇಳಿದೆ, ಸಣ್ಣ ಉತ್ತರ ಬಂತು, ಪಿಸುಗುಟ್ಟಿದೆ. ಮಷಿನ್ ನಡೆಯಿತು, ನೌಕರಿಯೂ ಕಾಯಮಾಯಿತು.

ಈಗ ನನಗೆ ವಯಸ್ಸಾಗಿ ಡ್ರಾಯರಿನ ಮೂಲೆ ಸೇರಿದ್ದೇನೆ. ನೀಲಾಂಬಿಕಾ ಈಗ ಕಿವಿ ಮಷಿನ್ ವಿಭಾಗಕ್ಕೇ ಮುಖ್ಯಸ್ಥೆ. ಡ್ರಾಯರು ತೆರೆದಾಗೊಮ್ಮೆ ಕಾಣುತ್ತದೆ: ಹೊಸ ಬೋರ್ಡು ಬಂದರೆ ಇಂದಿಗೂ ಅಂಗೈಯನ್ನು ದುಪಟ್ಟಕ್ಕೆ ಒರೆಸಿಕೊಂಡು, ಒಂದು ಹೆಜ್ಜೆ ಹಿಂದೆ ಸರಿದು, ಪಕ್ಕದವರಿಗೆ ಹೇಳುತ್ತಾಳೆ: "ಮೊದಲ ನೀವ ಮುಟ್ರಿ."