ಬೂಷ್ಟು ಹಿಡಿದ ಶೇಂಗಾದ ವರ್ಷ

ಹಿಂಗಾರಿನ ಮಳೆ ಕೊಯ್ಲಿನ ಮೇಲೆಯೇ ಸುರಿದ ಆ ವರ್ಷ, ಹಿರೇಹಡಗಲಿಯಿಂದ ಹಂಪಸಾಗರದವರೆಗಿನ ಶೇಂಗಾವೆಲ್ಲ ಬೂಷ್ಟು ಹಿಡಿದು ನಮ್ಮ ಕೊಟ್ಟೂರಿನ ಎಣ್ಣೆಗಿರಣಿಯ ಅಂಗಳಕ್ಕೆ ಬಂದಿತ್ತು. ಕೆಟ್ಟ ಕಾಳನ್ನು ಒಳ್ಳೆಯದರೊಡನೆ ಸೇರಿಸಿ ಹಿಂಡಿಬಿಡುವುದು ಸುಲಭವಾಗಿತ್ತು. ಯಜಮಾನರಾದ ಹಾಲೇಶಪ್ಪನವರು ಯಂತ್ರವನ್ನೇ ನಿಲ್ಲಿಸಿದರು. ಹಮಾಲರು, ಫಿಟ್ಟರುಗಳು, ಗುಮಾಸ್ತರು, ಕಸ ಗುಡಿಸುವವರು, ಎಲ್ಲರೂ ಗೋಣಿತಾಟಿನ ಮೇಲೆ ಕುಳಿತು ಕಾಳು ಕಾಳಾಗಿ ಆರಿಸಿದೆವು. ಉಗುರಿನ ಸಂದಿ ಹುಣ್ಣಾಯಿತು, ಧೂಳಿಗೆ ಕೆಮ್ಮು ಹತ್ತಿತು, ದೀಪಾವಳಿ ಬಂದುಹೋದದ್ದೂ ತಿಳಿಯಲಿಲ್ಲ. ಆದರೆ ಆ ಸಾಲಿನಲ್ಲಿ ನಮ್ಮ ಗಿರಣಿಯಿಂದ ಕಹಿ ಎಣ್ಣೆಯ ಒಂದು ಡಬ್ಬಿಯೂ ಹೊರಬೀಳಲಿಲ್ಲ.

ಈಗ ಯಂತ್ರಗಳಿದ್ದ ಜಾಗದಲ್ಲಿ ತೊಟ್ಟಿಗಳಿವೆ. ಹಾಲೇಶಪ್ಪನವರ ಮೊಮ್ಮಗ ಗವಿಸಿದ್ದೇಶ್ ಟ್ಯಾಂಕರಿನಲ್ಲಿ ತಾಳೆಎಣ್ಣೆ ತರಿಸಿ, ಅದಕ್ಕಿಷ್ಟು ಶೇಂಗಾಎಣ್ಣೆ ಬೆರೆಸಿ, ಅಜ್ಜನ ಭಾವಚಿತ್ರವಿರುವ ಪ್ಯಾಕೆಟ್ಟಿಗೆ ತುಂಬಿಸುತ್ತಾನೆ. ಫಿಟ್ಟರನಾಗಿದ್ದ ನಾನು ಗೇಟು ಕಾಯುವವನಾದೆ. ಅಂದು ನನ್ನ ಪಕ್ಕದಲ್ಲಿ ಕುಳಿತು ಕಾಳು ಆರಿಸಿದ ಪಕ್ಕೀರಮ್ಮ ಪ್ಯಾಕೆಟ್ಟು ಒರೆಸುತ್ತಾಳೆ. ಮನೆಯ ಎಣ್ಣೆಯನ್ನು ಇಬ್ಬರೂ ಗಾಣದವರಿಂದ ಕೊಳ್ಳುತ್ತೇವೆ. ಒಮ್ಮೆ ಸಂತೆಯಲ್ಲಿ ಎದುರಾದಾಗ ಅವಳು ಗಾಣದ ಎಣ್ಣೆಯ ಕ್ಯಾನನ್ನು ಸೆರಗಿನಲ್ಲಿ ಮರೆಮಾಡಿಕೊಂಡಳು. ನಾನು ಕಾಣದವನಂತೆ ನಡೆದೆ.

ಮೊನ್ನೆ ಜಾಹೀರಾತಿನ ವಿಡಿಯೊ ತೆಗೆಯಲು ಕೂಡ್ಲಿಗಿಯಿಂದ ಯಶೋಧರಾ ಎಂಬ ಹುಡುಗಿ ಬಂದಳು. ಗವಿಸಿದ್ದೇಶ್ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಆ ವರ್ಷದ ಕಥೆಯನ್ನು ಹೇಳಿಸಿದ.

“ಭಾಳ ಚಲೋ ಆತು ಮೈಲಪ್ಪ ಕಾಕಾ,” ಎಂದು ಪ್ಯಾಕೆಟ್ಟೊಂದನ್ನು ನನ್ನ ಕೈಗಿತ್ತ. “ಈಗ ಇದನ್ನ ಹಿಡ್ಕಂಡು, ಅವತ್ತಿನ ಎಣ್ಣೀನ ಇವತ್ತೂ ಐತಿ ಅಂದುಬಿಡ್ರಿ. ಮುಗೀತು.”

“ಅದಲ್ಲಲ್ಲಪ್ಪ ಇದು.”

“ನೋಡೋರಿಗೇನು ಗೊತ್ತಾಕೈತಿ?”

“ಹೆಂಗ ಗೊತ್ತಾಕೈತಿ,” ಎಂದಳು ಬಾಗಿಲಿಗೆ ಒರಗಿದ್ದ ಪಕ್ಕೀರಮ್ಮ. “ಪ್ಯಾಕೀಟಿನ ಮ್ಯಾಲೆ ನಿಮ್ಮಜ್ಜಾರು ನಕ್ಕೊಂತ ಕುಂತಾರಲ್ಲ.”

ಗವಿಸಿದ್ದೇಶ್ ಅವಳತ್ತ ನೋಡಲಿಲ್ಲ. “ಕಾಕಾ, ಗೇಟಿಗೆ ಮಂದಿ ಬೇಕಾದಷ್ಟು ಸಿಗ್ತಾರ. ನಿಮ್ಮನ್ನ ಇಟ್ಕಂಡಿರೋದು ಈ ಒಂದು ಮಾತಿಗೆ.”

ಆ ಗೇಟಿನ ಸಂಬಳದಿಂದಲೇ ನನ್ನ ಮನೆ ನಡೆಯುತ್ತಿತ್ತು. ಅವನೂ ಅದನ್ನು ಬಲ್ಲ. ಪ್ಯಾಕೆಟ್ಟನ್ನು ಮೇಜಿನ ಮೇಲಿಟ್ಟೆ.

“ನಮ್ಮ ಮಾತು ನಂಬಿ ಎಣ್ಣಿ ಒಯ್ದ ಮಂದಿ ಇನ್ನೂ ಅದಾರಪ್ಪ. ನಾ ಅನ್ನಂಗಿಲ್ಲ.”

ಅವನು ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ನನಗೆ ಇಷ್ಟು ನೋಯುತ್ತಿರಲಿಲ್ಲವೇನೋ. “ಎಲ್ಲಾ ಅಳಿಸಿಬಿಡಮ್ಮ,” ಎಂದು ಯಶೋಧರಾಳಿಗೆ ಹೇಳಿ, ಗೇಟಿನ ಬೀಗದಕೈಗಾಗಿ ಕೈಚಾಚಿದ. ಕೊಟ್ಟೆ. ಅವನು ಹೊರಟುಹೋದ. ಪಕ್ಕೀರಮ್ಮ ಒರೆಸುವ ಬಟ್ಟೆಯನ್ನೆತ್ತಿಕೊಂಡು ಪ್ಯಾಕೆಟ್ಟುಗಳ ಕಡೆಗೆ ಹೋದಳು. ಅವಳ ಮನೆಯೂ ನಡೆಯಬೇಕಲ್ಲ.

ಯಶೋಧರಾ ಹೇಳಿದಂತೆ ಅಳಿಸಿದಳು, ಕ್ಯಾಮೆರಾವನ್ನು ಚೀಲಕ್ಕೆ ಹಾಕಿದಳು. ಆದರೆ ಏಳಲಿಲ್ಲ.

“ಅಜ್ಜಾರ, ಚಿತ್ರ ಸರಿ ಬರ್ತೈತೋ ಇಲ್ಲೋ ಅಂತ ನೋಡೂದ್ರಾಗ ನಾ ಅರ್ಧ ಕೇಳಿಸ್ಕೊಳ್ಳಲೇ ಇಲ್ಲ. ಆ ಕಾಳು ಆರಿಸಿದ್ದು ಇನ್ನೊಮ್ಮೆ ಹೇಳ್ರಿ.”