ಸಾಹೇಬರು ಕೀಳಬೇಕಾದ ಕಸ

ಪಾರ್ಥೇನಿಯಂ ಕಸ ಗುರುತಿಸುವುದರಲ್ಲಿ ನಮ್ಮ ಅಫಜಲಪುರದ ಧೀರೇಂದ್ರ ಅವರನ್ನು ಮೀರಿಸುವವರಿಲ್ಲ. ಗಜ್ಜರಿ ಸೊಪ್ಪಿನಂಥ ಎಲೆ, ಬಿಳಿ ಹೂವು, ಮುಟ್ಟಿದರೆ ತುರಿಕೆ, ಉಸಿರಿಗೆ ಹೋದರೆ ದಮ್ಮು, ಹೂ ಬಿಡುವ ಮೊದಲೇ ಬೇರುಸಹಿತ ಕೀಳಬೇಕು ಎಂದು ಶಾಲೆ ಶಾಲೆಗೆ ಹೋಗಿ ಭಾಷಣ ಬಿಗಿಯುತ್ತಾರೆ. ನಮ್ಮ ಮನೆಗೆ ಅಂಟಿಕೊಂಡಿರುವ ಅವರದೇ ಖಾಲಿ ಜಾಗದಲ್ಲಿ ಆ ಕಸ ಎದೆಯೆತ್ತರ ಬೆಳೆದಿತ್ತು.

ನನ್ನ ಅತ್ತೆ ಉಮಾಬಾಯಿಗೆ ದಮ್ಮು. ಅದು ಹೂ ಬಿಟ್ಟರೆ ಸಾಕು, ಕಿಟಕಿ ಮುಚ್ಚಿದರೂ ಅವರ ಎದೆ ಗೊರಗೊರ ಎನ್ನುತ್ತದೆ. ಹೋಗಿ ಕೇಳಿಕೊಂಡೆ.

"ಕಾಕಾ, ಹೂ ಬಿಡೋ ಮೊದ್ಲ ಕೀಳಸ್ರಿ. ನಮ್ಮತ್ತಿಗೆ ಭಾಳ ತ್ರಾಸ ಆಗ್ತದ."

"ಬರೋಬ್ಬರಿ ಅದ ಮನೀಷಾ. ಆದ್ರ ಕಸ ಕೀಳೋ ಅಭಿಯಾನದ ಉದ್ಘಾಟನೆ ಅಲ್ಲೇ ಇಟ್ಟೇವಿ. ಈಗ ಕಿತ್ರ ಸಾಹೇಬ್ರು ಏನ್ ಕೀಳಬೇಕು?"

ಎಂಥ ನ್ಯಾಯವಾದ ಪ್ರಶ್ನೆ! ದನಗಳು ಆ ಗಿಡವನ್ನು ಮೂಸಿಯೂ ನೋಡುವುದಿಲ್ಲ, ಆದರೂ ಅದರ ರಕ್ಷಣೆಗೆ ತಂತಿ ಬೇಲಿ ಬಂತು. ಸಾಹೇಬರಿಗೆ ಪುರುಸೊತ್ತಿಲ್ಲದೆ ತಾರೀಖು ಮುಂದೆ ಹೋಯಿತು. ಮೊಗ್ಗು ಯಾರನ್ನೂ ಕಾಯಲಿಲ್ಲ.

ಒಂದು ಬೆಳಿಗ್ಗೆ ಅತ್ತೆ ದಮ್ಮು ಹತ್ತಿ ಮಾತಾಡಲಾರದೆ ನನ್ನ ಕೈ ಹಿಡಿದುಕೊಂಡರು. ನನ್ನ ಪಿತ್ತ ನೆತ್ತಿಗೇರಿತು. ಕೈಗೆ ಪ್ಲಾಸ್ಟಿಕ್ ಚೀಲ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಬೇಲಿ ದಾಟಿ, ಒಂದೂ ಬಿಡದೆ ಕಿತ್ತು ಗುಂಡಿಯಲ್ಲಿ ಹೂತೆ. ಆ ವಾರ ಅತ್ತೆ ಕಟ್ಟೆಯ ಮೇಲೆ ಕೂತು ಚಹಾ ಕುಡಿದರು, ನನ್ನ ರೊಟ್ಟಿ ದಪ್ಪ ಎಂದು ಬೈದರು. ಬೈಸಿಕೊಂಡು ಅಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ.

ವಾರದ ಕೊನೆಗೆ ಬಂದು ಬೋಳು ನೆಲ ನೋಡಿ ಧೀರೇಂದ್ರ ತಲೆ ಮೇಲೆ ಕೈ ಹೊತ್ತರು. "ನಾಳಿಗಿ ಸಾಹೇಬ್ರು ಬರಾಕತ್ತಾರ! ಏನ್ ಅನಾಹುತ ಮಾಡಿದಿ ಬೇ!"

ಸಂಜೆ ಬಾಡಿಗೆ ಓಡಿಸುವ ಧರ್ಮಣ್ಣನ ಟಂಟಂ ಆಟೋ ಬಂತು. ಅತನೂರ ರಸ್ತೆಯ ಬದಿಯಿಂದ ಬೇರುಸಹಿತ ಕಿತ್ತ ಪಾರ್ಥೇನಿಯಂ ಅದರ ತುಂಬ ಇತ್ತು, ಹೂವು ಬೀಜ ಸಮೇತ. ಧೀರೇಂದ್ರ ಅದನ್ನೆಲ್ಲ ಸಾಲಾಗಿ ನೆಟ್ಟು, ಬಾಡಬಾರದೆಂದು ಕೊಡದಿಂದ ನೀರು ಹೊಯ್ದರು.

"ಕಾಕಾ, ಬೀಜ ಉದುರಾಕತ್ತಾವ್ರಿ!" ಎಂದು ಚೀರಿದೆ.

"ಒಂದ್ ದಿನದ ಮಾತು. ನಾಳಿ ಎಲ್ಲಾ ಕೀಳ್ತೇವಿ."

ಮರುದಿನ ಸಾಹೇಬರು ಕೈಗವಸು ತೊಟ್ಟು ಒಂದು ಗಿಡ ಕಿತ್ತರು. ಫೋಟೊ ಸರಿ ಬರಲಿಲ್ಲವೆಂದು ಅದನ್ನೇ ಮತ್ತೆ ಊರಿ ಇನ್ನೊಮ್ಮೆ ಕಿತ್ತರು. ಶಾಲು, ಹಾರ, ಚುರುಮುರಿ ಸುಸಲಾ, ಮಿರ್ಚಿ ಭಜಿ ಎಲ್ಲ ಮುಗಿದ ಮೇಲೆ ಜನ ಕೈ ಒರೆಸಿಕೊಂಡು ಹೊರಟರು. ಉಳಿದ ಗಿಡಗಳನ್ನು ನಾನೇ ಕಿತ್ತೆ. ಬೀಜ ಆಗಲೇ ಮಣ್ಣು ಸೇರಿತ್ತು.

ಅತ್ತೆ ಈಗ ಜೇವರ್ಗಿಯ ಮಗಳ ಮನೆಯಲ್ಲಿದ್ದಾರೆ. ಧೀರೇಂದ್ರ ಹಿಂದೆ ಇದೇ ಜಾಗದಲ್ಲಿ ಬೇವು, ಹೊಂಗೆ ನೆಟ್ಟಿದ್ದರು, ಒಂದೂ ಬದುಕಲಿಲ್ಲ. ಅವರು ನೆಟ್ಟು ನೀರು ಹಾಕಿದ್ದರಲ್ಲಿ ಹುಲುಸಾಗಿ ಬಂದದ್ದು ಈ ಪಾರ್ಥೇನಿಯಂ ಒಂದೇ.

ನಿನ್ನೆ ಅತ್ತೆ ಫೋನಿನಲ್ಲಿ ಕೇಳಿದರು. "ಮನಿಗಿ ಯಾವಾಗ ಬರ್ಲಿ, ಮನೀಷಾ?"

ಕಿಟಕಿಯಾಚೆ ನೋಡಿದೆ. ಧೀರೇಂದ್ರ ಬೇಲಿಯ ತಂತಿ ಬಿಗಿಸುತ್ತಿದ್ದರು. ನನ್ನನ್ನು ಕಂಡು ಮೊದಲೇ ಎಚ್ಚರಿಸಿದರು. "ಈ ಸಲ ಮುಟ್ಟಬ್ಯಾಡ ನೋಡವ್ವ. ಇನ್ನೂ ದೊಡ್ಡ ಸಾಹೇಬ್ರು ಬರಾವ್ರದಾರ!"