ಗಾಜಿನ ಮೇಲಿದ್ದ ಒಂದು

"ಇನ್ನೊಂಚೂರು ಹಿಂದೆ... ಸಾಕು, ಸಾಕು!" ಎಂದು ಮೀಟರ್ ಮಾಮ ಕೈಯೆತ್ತಿದ. ಕಾರಿನ ಹಿಂದಿನ ಚಕ್ರಗಳು ನೆಲದಲ್ಲಿ ಹುದುಗಿಸಿದ್ದ ಉಕ್ಕಿನ ಉರುಳೆಗಳ ಮೇಲೆ ಮೆತ್ತಗೆ ಕುಳಿತವು. ಮಗಳು ಕೆಳಗಿಳಿದು, ಬಿಳಿ ಅಂಗಿಗೆ ಗ್ರೀಸು ತಾಗದಂತೆ ತೋಳು ಮಡಚಿ, ಕಾರನ್ನು ನೆಲದ ಕೊಂಡಿಗಳಿಗೆ ಪಟ್ಟಿಯಿಂದ ಬಿಗಿಯತೊಡಗಿದಳು. ಹನ್ನೊಂದಕ್ಕೆ ಅಪ್ಪನ ಅಂತ್ಯಕ್ರಿಯೆ. ಈಗ ಒಂಬತ್ತು.

ಅಪ್ಪನ ಗ್ಯಾರೇಜಿನ ಪಕ್ಕದ ಈ ಶೆಡ್ಡಿನಲ್ಲಿರುವ ಯಂತ್ರಕ್ಕೆ ಡೈನೋ ಎನ್ನುತ್ತಾರೆ. ಅದರ ಮೇಲೆ ಕಾರು ಎಷ್ಟು ಓಡಿದರೂ ಒಂದಿಂಚು ಮುಂದೆ ಹೋಗುವುದಿಲ್ಲ. ಉರುಳೆಗಳು ತಿರುಗುತ್ತವೆ, ಎಂಜಿನ್ನಿನ ತಾಕತ್ತು ಎಷ್ಟೆಂದು ಪರದೆ ಹೇಳುತ್ತದೆ. ಪರದೆ ಹೇಳದ್ದನ್ನು ನಂಬದ ತನ್ನ ಗೆಳೆಯನಿಗೆ ಮೀಟರ್ ಎಂದು ಹೆಸರಿಟ್ಟವನು ಅಪ್ಪನೇ.

ಚಿಕ್ಕಪ್ಪ ಏದುಸಿರು ಬಿಡುತ್ತ ಒಳಬಂದ. "ಅತ್ತಿಗೆ, ಮನೆ ತುಂಬ ಜನ. ಎಲ್ರೂ ನಿಮ್ಮನ್ನೇ ಕೇಳ್ತಿದಾರೆ. ಏನಂತ ಹೇಳ್ಲಿ?"

"ಗ್ಯಾರೇಜಲ್ಲಿದಾರೆ ಅನ್ನು," ಎಂದಳು ಕಾರಿನ ಪಕ್ಕ ನಿಂತಿದ್ದ ಅಮ್ಮ. "ನಿಮ್ಮಣ್ಣನ್ನ ಕೇಳಿ ಬಂದೋರಿಗೆ ನಲವತ್ತು ವರ್ಷ ನಾನು ಅದನ್ನೇ ಹೇಳಿದ್ದು."

ಮೀಟರ್ ಮಾಮ ಕಿಸಕ್ಕನೆ ನಕ್ಕು, ನಗಬಾರದಿತ್ತೇನೋ ಎಂದು ಬಾಯಿ ಮುಚ್ಚಿಕೊಂಡ.

ಅಮ್ಮನ ಹಟ ಒಂದೇ. ಗುಡ್ಡದ ಮೇಲಿನ ಸ್ಮಶಾನಕ್ಕೆ ಈ ಕಾರು ಮುಂದೆ ಹೋಗಬೇಕು, ಅಪ್ಪನನ್ನು ಹೊತ್ತ ಗಾಡಿ ಹಿಂದೆ ಬರಬೇಕು. ಯಾರದೋ ಹಿತ್ತಲಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದ ಹಳೆಯ ಸ್ಪೋರ್ಟ್ಸ್ ಕಾರು ಅದು. ಜೀವಮಾನವೆಲ್ಲ ಊರವರ ಟ್ಯಾಕ್ಸಿ, ವ್ಯಾನು ರಿಪೇರಿ ಮಾಡಿದ ಅಪ್ಪ, ಸಂಜೆಯ ಹೊತ್ತು ಬಸ್ ಓಡಿಸುವ ಕೆಲಸ ಮುಗಿಸಿ ಬರುವ ಮಗಳನ್ನು ಜೊತೆಗಿಟ್ಟುಕೊಂಡು, ಹನ್ನೊಂದು ವರ್ಷ ಅದನ್ನು ಕಟ್ಟಿದ್ದ. ಮೂರು ದಿನದ ಹಿಂದೆ, "ನಾಳೆ ಮುಗಿಯುತ್ತೆ" ಎಂದು ಕೈತೊಳೆದು ಮಲಗಿದವನು ಏಳಲಿಲ್ಲ.

"ಏರಲ್ಲಿ ನಿಂತ್ಬಿಟ್ರೆ ಊರೆಲ್ಲ ನಗುತ್ತೆ ಅತ್ತಿಗೆ," ಎಂದ ಚಿಕ್ಕಪ್ಪ.

"ಅದಕ್ಕೇ ಇಲ್ಲಿಗೆ ತಂದಿರೋದು. ಮದುವೆ ದಿನ ತಳ್ಳಿದ್ದು ಸಾಕು. ಇವತ್ತೂ ತಳ್ಳು ಅಂದ್ರೆ ನನ್ನ ಮಂಡಿ ಒಪ್ಪಲ್ಲ."

ಮೀಟರ್ ಮಾಮ ದೊಡ್ಡ ಫ್ಯಾನು ಹಾಕಿದ. "ತೊಂಬತ್ತು ಹಾರ್ಸ್‌ಪವರ್ ಬರುತ್ತೆ ಅಂತ ನಿಮ್ಮಪ್ಪ ಹಾರಾಡ್ತಿದ್ದ. ಎಂಬತ್ತು ದಾಟಿದ್ರೆ ಮೀಸೆ ಬೋಳಿಸ್ತೀನಿ ಅಂದಿದ್ದೆ. ಹೂಂ, ಶುರು ಮಾಡಮ್ಮ."

ಮಗಳು ಒಂದೊಂದೇ ಗೇರು ಏರಿಸಿದಳು. ಶೆಡ್ಡಿನ ತಗಡು ಅದುರಿತು. ಏಳು ನಿಮಿಷ ಎಂಜಿನ್ ಹಾಡಿದಂತೆ ಓಡಿತು. ಎಂಟನೆಯ ನಿಮಿಷಕ್ಕೆ ಕೆಮ್ಮಿತು, ಮುಗ್ಗರಿಸಿತು, ನಿಂತೇಹೋಯಿತು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಶುರುವಾಗುತ್ತಿತ್ತು, ಓಡಿ ಮತ್ತೆ ಸಾಯುತ್ತಿತ್ತು. ಬಾನೆಟ್ಟಿನೊಳಗೆ ತಲೆ ಹಾಕಿ ಇಬ್ಬರೂ ಹುಡುಕಿದರು. ಎಲ್ಲ ಸರಿಯಿತ್ತು.

"ಪೆಟ್ರೋಲ್ ಬರ್ತಿಲ್ಲ," ಎಂದಳು ಮಗಳು. ಅವಳ ದನಿ ಸಣ್ಣದಾಗಿತ್ತು. ಗಡಿಯಾರ ಒಂಬತ್ತೂಮುಕ್ಕಾಲು ತೋರಿಸುತ್ತಿತ್ತು.

*

ಮದುವೆಯ ದಿನ ಅಪ್ಪ ಒಂದು ಹಳೇ ಕಾರನ್ನು ತಾನೇ ರಿಪೇರಿ ಮಾಡಿ ವಧುವನ್ನು ಕರೆದುಕೊಂಡು ಹೊರಟಿದ್ದ. ಅರ್ಧ ದಾರಿಯಲ್ಲಿ ಕಾರು ನಿಂತಿತು. ಹೊಸ ಹೆಂಡತಿ ಚಪ್ಪಲಿ ಕೈಯಲ್ಲಿ ಹಿಡಿದು ಹಿಂದಿನಿಂದ ತಳ್ಳಿದಳು. ಕೊನೆಗೆ ನೋಡಿದರೆ, ಕೆಲಸದ ವೇಳೆ ಧೂಳು ಬೀಳದಿರಲೆಂದು ಗಾಳಿಯ ಕೊಳವೆಗೆ ತುರುಕಿದ್ದ ಬಟ್ಟೆ ಅಲ್ಲೇ ಉಳಿದಿತ್ತು.

"ಹಾಳಾಗ್ಲಿ, ಎಣಿಸಿಡೋಕೆ ಬರಲ್ವಾ ನಿಮಗೆ?" ಎಂದಿದ್ದಳಂತೆ ಅಮ್ಮ. ಅದು ಅವಳು ಗಂಡನಿಗೆ ಕೊಟ್ಟ ಮೊದಲ ಬೈಗುಳ.

ಅಂದಿನಿಂದ ಅಪ್ಪ ಎಣಿಸಿದ. ಬಿಚ್ಚಿದ ಪ್ರತಿ ಕೊಳವೆಗೂ ಬಟ್ಟೆಯ ಬಿರಡೆ. ಎಷ್ಟು ಬಿರಡೆಯೋ ಅಷ್ಟು ಸಂಖ್ಯೆ, ಸೀಮೆಸುಣ್ಣದಲ್ಲಿ, ಮುಂದಿನ ಗಾಜಿನ ಮೂಲೆಯಲ್ಲಿ. ಒಂದು ತೆಗೆದರೆ ಸಂಖ್ಯೆ ಅಳಿಸಿ ಕಡಿಮೆ ಬರೆಯುತ್ತಿದ್ದ. "ಸೊನ್ನೆ ಆಗದೆ ಗಾಡಿ ಗ್ಯಾರೇಜು ದಾಟಬಾರ್ದು. ನಿಮ್ಮಮ್ಮನ ಆಜ್ಞೆ," ಎನ್ನುತ್ತಿದ್ದ ಮಗಳಿಗೆ. ಅಮ್ಮನಿಗೆ ಈ ಲೆಕ್ಕ ಗೊತ್ತಿರಲಿಲ್ಲ. ಅವಳು ಗ್ಯಾರೇಜಿನೊಳಗೆ ಕಾಲಿಡುತ್ತಿದ್ದುದೇ ಅಪರೂಪ.

*

"ಗಾಜಿನ ಮೇಲೆ ಏನೂ ಬರೆದಿಲ್ಲವಲ್ಲ," ಎಂದಳು ಮಗಳು ತನಗೆ ತಾನೇ. "ಹಾಗಾದ್ರೆ ಬಿರಡೆ ಯಾವ್ದೂ ಉಳಿದಿಲ್ಲ."

ಅಮ್ಮ ಸೆರಗಿನ ತುದಿ ಹಿಂಡತೊಡಗಿದಳು. "ಬರೆಯೋದಂದ್ರೆ... ಸೀಮೆಸುಣ್ಣದಲ್ಲಾ?"

ಮೂವರೂ ಅವಳತ್ತ ತಿರುಗಿದರು.

"ಮೂಲೇಲಿ ಒಂದು ಗೀರಿತ್ತು ಕಣೇ. ಇವತ್ತು ಎಲ್ರೂ ನೋಡೋ ಕಾರು, ಕೊಳೆ ಇರಬಾರ್ದು ಅಂತ ಬೆಳಿಗ್ಗೆ ಒರೆಸಿಬಿಟ್ಟೆ."

"ಗೀರಲ್ಲಮ್ಮ ಅದು! ಒಂದು! ಒಂದು ಬಿರಡೆ ಬಾಕಿ ಅಂತ!"

"ಹೋ! ಎಣಿಸಿಡಿ ಅಂದೋಳೂ ನಾನೇ, ಅಳಿಸಿದೋಳೂ ನಾನೇನಾ?" ಎಂದು ಅಮ್ಮ ಹಣೆ ಚಚ್ಚಿಕೊಂಡಳು. ಚಿಕ್ಕಪ್ಪ ಬೆನ್ನು ತಿರುಗಿಸಿ ನಿಂತ. ಅವನ ಭುಜ ಕುಣಿಯುತ್ತಿತ್ತು.

ಮಗಳು ಕಣ್ಣುಮುಚ್ಚಿ ಆ ಕೊನೆಯ ಸಂಜೆಯನ್ನು ನೆನೆದಳು. ಅಪ್ಪ ಕಾರಿನ ಹಿಂಭಾಗದಡಿ ಮಲಗಿದ್ದ. ಪೆಟ್ರೋಲ್ ಟ್ಯಾಂಕು ಕೂರಿಸುತ್ತಿದ್ದ. ಟ್ಯಾಂಕು! ಅವಳು ಓಡಿಹೋಗಿ ಅದರ ಮುಚ್ಚಳ ತಿರುವಿದಳು. ಉಸ್ಸೆಂದು ಗಾಳಿ ಒಳನುಗ್ಗಿತು. ಟ್ಯಾಂಕಿಗೆ ಉಸಿರಾಡಲು ಒಂದು ಸಣ್ಣ ಕೊಳವೆಯಿರುತ್ತದೆ. ಅದು ಮುಚ್ಚಿದರೆ ಸ್ವಲ್ಪ ಹೊತ್ತಿಗೇ ಪೆಟ್ರೋಲ್ ಹರಿಯುವುದು ನಿಲ್ಲುತ್ತದೆ. ಬಿಳಿ ಅಂಗಿಯ ಗೊಡವೆ ಮರೆತು ಅವಳು ಅಂಗಾತ ಕಾರಿನಡಿ ನುಸುಳಿದಳು. ಹೊರಬಂದಾಗ ಕೈಯಲ್ಲಿ ನೀಲಿ ಹೂವಿನ ಬಟ್ಟೆಯ ಸುರುಳಿಯಿತ್ತು.

ಅಮ್ಮ ಅದನ್ನು ಕಸಿದುಕೊಂಡಳು. "ನನ್ನ ದಿಂಬಿನ ಕವರ್ರು! ಕಳೆದ ತಿಂಗಳಿಂದ ಹುಡುಕ್ತಿದೀನಿ. ಕೇಳಿದ್ರೆ, 'ನನಗೇನೇ ಗೊತ್ತು' ಅಂದ್ರು!" ಬೈಯುತ್ತ ಬೈಯುತ್ತಲೇ ಅದನ್ನು ಮೂಗಿಗೆ ಹಿಡಿದಳು.

ಈ ಸಲ ಎಂಜಿನ್ ಕೆಮ್ಮಲಿಲ್ಲ. ಹತ್ತು ನಿಮಿಷ, ಹದಿನೈದು ನಿಮಿಷ. ಫ್ಯಾನಿನ ಗಾಳಿಗೆ ಅಮ್ಮನ ಕೂದಲು ಕೆದರಿ ಹಾರುತ್ತಿತ್ತು. ಪರದೆಯ ಅಂಕಿ ಎಪ್ಪತ್ತು ದಾಟಿ, ಎಂಬತ್ತು ದಾಟಿ, ಎಂಬತ್ತೊಂಬತ್ತಕ್ಕೆ ನಿಂತಿತು.

"ತೊಂಬತ್ತಿಲ್ಲ!" ಎಂದು ಕೂಗಿದ ಮೀಟರ್ ಮಾಮ. ಆಮೇಲೆ ಕಣ್ಣೊರೆಸಿಕೊಂಡು, "ಒಂದು ಕಮ್ಮಿ ಅಷ್ಟೇ ಕಣೋ, ಗೆದ್ದೆ ಹೋಗು," ಎನ್ನುತ್ತ ಕನ್ನಡಿಯ ಮುಂದೆ ಹೋಗಿ ಮೀಸೆ ಸವರಿಕೊಂಡ.

*

ಹತ್ತೂವರೆಗೆ ಮೆರವಣಿಗೆ ಹೊರಟಿತು. ಗ್ರೀಸಿನ ಕಲೆಯ ಅಂಗಿಯಲ್ಲೇ ಮಗಳು ಸ್ಟಿಯರಿಂಗ್ ಹಿಡಿದಿದ್ದಳು, ಪಕ್ಕದಲ್ಲಿ ಅಮ್ಮ. ಗುಡ್ಡದ ಏರು ಶುರುವಾಗುತ್ತಲೇ ಎಂಜಿನ್ನಿನ ದನಿ ತುಂಬಿಬಂತು.

"ಇದಕ್ಕೆ ಇಷ್ಟೇ ಓಟಾನಾ?" ಎಂದಳು ಅಮ್ಮ.

ಮಗಳು ಅವಳ ಮುಖ ನೋಡಿದಳು. ಆಮೇಲೆ ಕಾಲೊತ್ತಿದಳು.

ಹಿಂದಿನ ಗಾಡಿಯವನು ಹಾರ್ನ್ ಮೇಲೆ ಹಾರ್ನ್ ಹೊಡೆದ. ಚಿಕ್ಕಪ್ಪ ಕಿಟಕಿಯಿಂದ ಕೈ ಹೊರಹಾಕಿ ಏನೋ ಕೂಗಿದ. ಮೊದಲ ತಿರುವಿನಲ್ಲಿ ಅವರೆಲ್ಲ ಚಿಕ್ಕವರಾದರು, ಎರಡನೆಯದರಲ್ಲಿ ಕಾಣದಾದರು. ನೆತ್ತಿಯ ಗೇಟಿನ ಮುಂದೆ ತಾಯಿ ಮಗಳು ಇಬ್ಬರೇ ಇಳಿದು ನಿಂತರು.

"ಆರಿಸ್ಬೇಡ," ಎಂದಳು ಅಮ್ಮ. ಗುಡುಗುಡು ಎನ್ನುತ್ತಿದ್ದ ಬಾನೆಟ್ಟಿನ ಮೇಲೆ ಒಂದು ಕೈಯೂರಿ, ಇನ್ನೊಂದನ್ನು ಬಿಸಿಲಿಗೆ ಹಣೆಯ ಮೇಲೆ ಅಡ್ಡ ಹಿಡಿದು, ಅವರು ಏರು ಹತ್ತಿ ಬರುವುದನ್ನೇ ಕಾಯುತ್ತ ನಿಂತಳು.